ಸಂವಹನ ಮತ್ತು ತಂತ್ರಜ್ಞಾನ: ಪದವಿಯ ನಂತರ ಏನೇನು ದಾರಿಗಳಿವೆ?

ಪಿಯುಸಿ ಫಲಿತಾಂಶ ಬಂದ ದಿನ ಮನೆಯಲ್ಲಿ ಕೇಳುವ ಮೊದಲ ಪ್ರಶ್ನೆ "ಮುಂದೇನು?" ವಿಜ್ಞಾನದವರು ಇಂಜಿನಿಯರಿಂಗ್ ಎನ್ನುತ್ತಾರೆ, ವಾಣಿಜ್ಯದವರು ಬಿ.ಕಾಂ. ಎನ್ನುತ್ತಾರೆ. ಕಲಾ ವಿಭಾಗದವರು ಹೆಚ್ಚಾಗಿ ಸುಮ್ಮನಾಗುತ್ತಾರೆ. ಆದರೆ ಭಾಷೆ ಮತ್ತು ಕಂಪ್ಯೂಟರ್ ಎರಡೂ ಬೇಕಾಗುವ ಒಂದು ಕ್ಷೇತ್ರದಲ್ಲಿ ಈ ಮೂವರಿಗೂ ಸ್ಥಾನವಿದೆ.

ಒಂದು ಉದಾಹರಣೆ ನೋಡೋಣ. ಮೊಬೈಲ್‌ನಲ್ಲಿ ಹಣ ಕಳುಹಿಸುವಾಗ "ವಹಿವಾಟು ವಿಫಲವಾಗಿದೆ" ಎಂದು ಬಂದರೆ ನಮ್ಮ ಅಜ್ಜಿ ಗಾಬರಿಯಾಗುತ್ತಾರೆ. ಹಣ ಹೋಯಿತೋ, ಉಳಿಯಿತೋ? "ಹಣ ಹೋಗಿಲ್ಲ, ಸ್ವಲ್ಪ ಹೊತ್ತಿನ ನಂತರ ಪ್ರಯತ್ನಿಸಿ" ಎಂದು ಬಂದರೆ ಸಮಾಧಾನವಾಗುತ್ತದೆ. ಈ ಎರಡನೆಯ ವಾಕ್ಯ ಬರೆಯುವುದೂ ಒಂದು ಉದ್ಯೋಗ.

ಯಾವ ಯಾವ ಕೆಲಸಗಳು?

ತಾಂತ್ರಿಕ ಬರಹಗಾರರು ಯಂತ್ರ ಮತ್ತು ಸಾಫ್ಟ್‌ವೇರ್ ಬಳಸುವ ಕ್ರಮವನ್ನು ಸರಳವಾಗಿ ಬರೆಯುತ್ತಾರೆ. ಆ್ಯಪ್‌ಗಳನ್ನು ಕನ್ನಡಕ್ಕೆ ತರುವವರು, ವಿಡಿಯೋಗಳಿಗೆ ಅಡಿಬರಹ ಹಾಕುವವರು, ಅಂಕಿಅಂಶಗಳಿಂದ ಸುದ್ದಿ ಹುಡುಕುವ ಪತ್ರಕರ್ತರು, ಧ್ವನಿ ಮತ್ತು ದೃಶ್ಯ ಸಂಕಲನಕಾರರು ಎಲ್ಲರೂ ಈ ಕ್ಷೇತ್ರದವರೇ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಮಾಹಿತಿ ಎಲ್ಲರಿಗೂ ತಲುಪುವಂತಿರಬೇಕು ಎನ್ನುತ್ತದೆ. ಆದ್ದರಿಂದ ಅಡಿಬರಹದ ಕೆಲಸ ಕೇವಲ ಮನರಂಜನೆಗೆ ಸಂಬಂಧಿಸಿದ್ದಲ್ಲ.

ಯಂತ್ರವೇ ಅನುವಾದ ಮಾಡುವಾಗ ಮನುಷ್ಯರು ಏಕೆ ಎಂದು ನೀವು ಕೇಳಬಹುದು. ಕೇಂದ್ರ ಸರ್ಕಾರದ 'ಭಾಷಿಣಿ' ಯೋಜನೆ 2022ರಲ್ಲಿ ಆರಂಭವಾದದ್ದೇ ಭಾರತೀಯ ಭಾಷೆಗಳ ಯಂತ್ರಾನುವಾದಕ್ಕಾಗಿ. ಬರೇ ಪದಕ್ಕೆ ಪದ ಇಡುವ ಕೆಲಸ ಕಡಿಮೆಯಾಗುತ್ತಿರುವುದು ನಿಜ. ಆದರೆ ಯಂತ್ರಕ್ಕೆ ಕಲಿಸಲು ಒಳ್ಳೆಯ ವಾಕ್ಯಗಳು ಬೇಕು, ಅದರ ತಪ್ಪು ಹಿಡಿಯಲು ಭಾಷೆ ಬಲ್ಲವರು ಬೇಕು. ಮನೆಯಲ್ಲಿ ಬ್ಯಾರಿ ಅಥವಾ ಉರ್ದು, ಪೇಟೆಯಲ್ಲಿ ತುಳು, ತರಗತಿಯಲ್ಲಿ ಕನ್ನಡ ಮತ್ತು ಇಂಗ್ಲಿಷ್ ಮಾತನಾಡುವ ನಮ್ಮಂಥವರು ಇದನ್ನು ಬಂಡವಾಳವೆಂದೇ ತಿಳಿಯಬೇಕು.

ಏನು ಓದಬೇಕು?

ಪತ್ರಿಕೋದ್ಯಮವಿರುವ ಬಿ.ಎ. ಅಥವಾ ಬಿ.ಸಿ.ಎ. ಪದವಿಯಿಂದ ಆರಂಭಿಸಬಹುದು. ಎಲೆಕ್ಟ್ರಾನಿಕ್ಸ್ ಮತ್ತು ಕಮ್ಯುನಿಕೇಶನ್ ಇಂಜಿನಿಯರಿಂಗ್ ಬೇರೆಯೇ ದಾರಿ. ಅದರಲ್ಲಿ ಮೊಬೈಲ್ ಜಾಲ, ಚಿಪ್ ವಿನ್ಯಾಸದಂಥ ಕೆಲಸಗಳಿವೆ. ಅದಕ್ಕೆ ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಬೇಕು. ಪದವಿಯ ನಂತರ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಸಮೂಹ ಸಂವಹನ ಸ್ನಾತಕೋತ್ತರ ವಿಭಾಗವಿದೆ. ದೂರ ಹೋಗಬಲ್ಲವರಿಗೆ ದೆಹಲಿಯಲ್ಲಿ 1965ರಲ್ಲಿ ಆರಂಭವಾದ ಭಾರತೀಯ ಸಮೂಹ ಸಂವಹನ ಸಂಸ್ಥೆ ಇದೆ. ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾದಲ್ಲಿ 1982ರಲ್ಲಿ ಸ್ಥಾಪನೆಯಾದ ಎ.ಜೆ.ಕೆ. ಸಮೂಹ ಸಂವಹನ ಸಂಶೋಧನಾ ಕೇಂದ್ರವೂ ಇದೆ.

ಎಚ್ಚರಿಕೆ ಮತ್ತು ಸಿದ್ಧತೆ

ಆರಂಭದ ಸಂಬಳ ಎಲ್ಲ ಕಡೆ ದೊಡ್ಡದಿರುವುದಿಲ್ಲ. "ಮೂರು ತಿಂಗಳಲ್ಲಿ ಖಚಿತ ಉದ್ಯೋಗ" ಎಂದು ಮುಂಗಡ ಶುಲ್ಕ ಕೇಳುವವರನ್ನು ನಂಬಿ ತಂದೆಯ ದುಡಿಮೆಯ ಹಣ ಕೊಡಬೇಡಿ. ಅಲ್ಲಿ ಕಲಿತು ಹೊರಬಂದ ಇಬ್ಬರನ್ನು ಮೊದಲು ವಿಚಾರಿಸಿ.

ಸಂದರ್ಶನದಲ್ಲಿ ಅಂಕಪಟ್ಟಿಯ ಜೊತೆಗೆ "ನೀವು ಮಾಡಿದ ಕೆಲಸ ತೋರಿಸಿ" ಎನ್ನುತ್ತಾರೆ. ಅದನ್ನು ಕೂಡಿಡಲು ಪದವಿಯವರೆಗೆ ಕಾಯಬೇಕಿಲ್ಲ. ಯುನಿಕೋಡ್‌ನಲ್ಲಿ ಕನ್ನಡ ಟೈಪಿಂಗ್ ಕಲಿಯಿರಿ. ಕಾಲೇಜಿನ ಕಾರ್ಯಕ್ರಮವೊಂದರ ವರದಿ ಬರೆಯಿರಿ. ಎರಡು ನಿಮಿಷದ ವಿಡಿಯೋಗೆ ತಪ್ಪಿಲ್ಲದ ಅಡಿಬರಹ ಹಾಕಿ. ಇಂಥ ಹತ್ತು ಕೆಲಸಗಳು ಒಂದು ಕಡತದಲ್ಲಿದ್ದರೆ, "ಮುಂದೇನು?" ಎಂದು ಮನೆಯವರು ಕೇಳಿದಾಗ ಆ ಕಡತವನ್ನೇ ಅವರ ಮುಂದಿಡಬಹುದು.