ಒಕ್ಕಲುತನ ಕಲಿಸಿದ ನಮ್ಮ ಮುತ್ಯಾ



ಬಿತ್ತನೆ ತಡವಾದರೆ ಆಗುವ ನಷ್ಟವನ್ನು ನಾವು ವಿಜ್ಞಾನಿಗಳು ಕ್ವಿಂಟಲ್ ಲೆಕ್ಕದಲ್ಲಿ ಹೇಳುತ್ತೇವೆ. ಆ ಲೆಕ್ಕವನ್ನು ನನಗೆ ಮನಗಾಣಿಸಿದ್ದು ಆಳಂದ ತಾಲ್ಲೂಕಿನ ನಿಂಬರ್ಗಾದಲ್ಲಿರುವ ನಮ್ಮ ಮನೆಯ ಗೋಡೆ. ಪ್ರತಿ ವರ್ಷ ರಾಶಿ ಮುಗಿದ ಮೇಲೆ ಮನೆಗೆ ಬಂದ ಪ್ರತಿ ಚೀಲ ಜೋಳಕ್ಕೂ ಒಂದರಂತೆ ಸುಣ್ಣದ ಗೆರೆ ಎಳೆಯುವುದು ನಮ್ಮ ಮುತ್ಯಾನ ರೂಢಿಯಾಗಿತ್ತು.

ನಿಜಾಮರ ಕಾಲದಲ್ಲಿ ಹುಟ್ಟಿದ ಅವರಿಗೆ ಓದು ಬರಹ ಬರುತ್ತಿರಲಿಲ್ಲ. 1972ರ ಬರಗಾಲದಲ್ಲಿ ಹೊಲ ಕೈಕೊಟ್ಟಾಗ ಪರಿಹಾರ ಕಾಮಗಾರಿಯಲ್ಲಿ ಕಲ್ಲು ಒಡೆದು ಮನೆಮಂದಿಯ ಹೊಟ್ಟೆ ತುಂಬಿಸಿದರು. ಕಣಿಕೆ ಸಿಗದೆ ಊರಿನ ದನಗಳೆಲ್ಲ ಸಂತೆಗೆ ಹೋದಾಗಲೂ ತಮ್ಮ ಜೋಡೆತ್ತು ಮಾರಲಿಲ್ಲವೆಂದು ಆಯಿ ಹೇಳುತ್ತಿದ್ದರು. ಎಳ್ಳ ಅಮಾವಾಸ್ಯೆಯ ದಿನ ಹೊಲದಲ್ಲಿ ಚರಗ ಚೆಲ್ಲಿ, ಎಲ್ಲರಿಗೂ ಊಟವಾಯಿತೇ ಎಂದು ಕೇಳಿ, ಕೊನೆಗೆ ತಾವು ಕುಳಿತುಕೊಳ್ಳುತ್ತಿದ್ದರು.

ಹಸಿ ಹಿಡಿಯುವ ಬೇಸಾಯ

ನಮ್ಮದು 8 ಎಕರೆ ಎರೆಭೂಮಿ. ಅರ್ಧಕ್ಕೆ ತೊಗರಿ, ಅರ್ಧಕ್ಕೆ ಹಿಂಗಾರಿ ಜೋಳ. ಜೋಳದ ಹೊಲವನ್ನು ಮುಂಗಾರಿನಲ್ಲಿ ಖಾಲಿ ಬಿಟ್ಟರೂ ಮಳೆ ನಿಂತು ಹದ ಬಂದಾಗಲೆಲ್ಲ ಮುತ್ಯಾ ಕುಂಟೆ ಹೊಡೆದು ಹರಗುತ್ತಿದ್ದರು. ಬಿತ್ತಿದ ಮೇಲೆ ಮೂರು ಸಲವಾದರೂ ಎಡೆ ಹೊಡೆಯುತ್ತಿದ್ದರು. ಹೀಗೆ ಮಾಡಿದರೆ ಕಸ ಸಾಯುತ್ತದೆ, ಬಿರುಕು ಮುಚ್ಚಿ ನೆಲದ ಹಸಿ ಉಳಿಯುತ್ತದೆ. ಹಿಂಗಾರಿ ಜೋಳ ಬೆಳೆಯುವುದೇ ಈ ಕೂಡಿಟ್ಟ ಹಸಿಯ ಮೇಲೆ.

ಹಳೆಯದನ್ನೇ ಹಿಡಿದು ಕುಳಿತವರೂ ಅವರಲ್ಲ. ನಮ್ಮ ತೊಗರಿ ಹೊಲದಲ್ಲಿ ನೆಟೆ ರೋಗ ಬಿದ್ದು, ಹೂವಿನಲ್ಲಿದ್ದ ಗಿಡಗಳು ನಿಂತಲ್ಲೇ ಒಣಗುತ್ತಿದ್ದವು. ನೆಟೆ ತಡೆಯುವ 'ಮಾರುತಿ' ತಳಿ 1986ರಲ್ಲಿ ಬಿಡುಗಡೆಯಾಗಿತ್ತು. ಕೆಲವು ವರ್ಷಗಳ ನಂತರ ಅದರ ಬೀಜ ಸಿಕ್ಕಾಗ ಮುತ್ಯಾ ಮನೆ ಬೀಜದ ಪಕ್ಕದಲ್ಲಿ ನಾಲ್ಕೇ ಸಾಲು ಬಿತ್ತಿದರು. ಆ ಸಾಲುಗಳು ಹಸಿರಾಗಿ ನಿಂತದ್ದನ್ನು ಕಂಡ ಮೇಲೆ ಮರುವರ್ಷ ಇಡೀ ತೊಗರಿ ಹೊಲಕ್ಕೆ ಹಾಕಿದರು. ಹೊಸ ತಳಿಯನ್ನು ಪರೀಕ್ಷಿಸಲು ನಾನು ನಿಮಗೆ ಹೇಳುವ ಕ್ರಮವೂ ಇದೇ.

ಒಂಟಿ ಎತ್ತು

1998ರಲ್ಲಿ ನನಗೆ ರಾಯಚೂರಿನ ಕೃಷಿ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಫೀಸು, ವಸತಿ ನಿಲಯದ ಖರ್ಚಿಗೆ ಮನೆಯಲ್ಲಿ ಹಣವಿರಲಿಲ್ಲ. ಬರಗಾಲದಲ್ಲೂ ಎತ್ತು ಮಾರದ ಮುತ್ಯಾ ಆ ವರ್ಷ ಜೋಡಿಯಲ್ಲಿ ಒಂದನ್ನು ಮಾರಿದರು. ನಾನು ಬೇಡವೆಂದಾಗ, "ಎತ್ತು ನಾಳಿ ತರ್ಬೌದು ತಮ್ಮಾ, ಓದೋ ವರ್ಷ ಹೋದ್ರ ತರ್ಲಿಕ್ಕಿ ಬರಲ್ಲ" ಎಂದರು.

ನೆರೆಯ ರೈತರೊಬ್ಬರಲ್ಲಿಯೂ ಒಂದೇ ಎತ್ತಿತ್ತು. ಇಬ್ಬರೂ ಎತ್ತು ಕೂಡಿಸಿ ಮುಯ್ಯಿಯ ಮೇಲೆ ಬೇಸಾಯ ಮಾಡಿದರು. ಕೂರಿಗೆ ಮೊದಲು ಅವರ ಹೊಲಕ್ಕೆ, ಆಮೇಲೆ ನಮ್ಮ ಹೊಲಕ್ಕೆ. ಉತ್ತರಿ ಮಳೆಯ ಹದಕ್ಕೆ ಬೀಳುತ್ತಿದ್ದ ನಮ್ಮ ಜೋಳ ಚಿತ್ತಿ ಮಳೆಯವರೆಗೆ ತಡವಾಗತೊಡಗಿತು.

ಮೂರನೆಯ ವರ್ಷ ಬೇಸಾಯಶಾಸ್ತ್ರದ ಪಾಠದಲ್ಲಿ ಹಿಂಗಾರಿ ಜೋಳದ ಬಿತ್ತನೆಯ ಕಾಲ ಬಂತು: ಸೆಪ್ಟೆಂಬರ್ ಎರಡನೆಯ ಪಕ್ಷದಿಂದ ಅಕ್ಟೋಬರ್ ಮೊದಲ ಪಕ್ಷ. ತಡವಾದರೆ ಮೇಲ್ಪದರದ ಹಸಿ ಆರಿ ಮೊಳಕೆ ಕಡಿಮೆಯಾಗುತ್ತದೆ. ತೆನೆ ಹಾಲು ತುಂಬುವ ಹೊತ್ತಿಗೆ ಬೇರಿಗೆ ನೀರು ಸಾಲದೆ ಕಾಳು ಜೊಳ್ಳಾಗುತ್ತದೆ. ರಜೆಯಲ್ಲಿ ಊರಿಗೆ ಬಂದು ಗೋಡೆ ನೋಡಿದೆ. ಎತ್ತು ಮಾರುವ ಮುಂಚಿನ ವರ್ಷ 14 ಗೆರೆ. ನಂತರದ ವರ್ಷಗಳಲ್ಲಿ 10, 9. ಮಳೆ ಕಡಿಮೆಯಾಗಿರಬೇಕೆಂದು ನೆರೆಯವರನ್ನು ಕೇಳಿದೆ. ಅದೇ ಮಳೆ, ಅದೇ ಎರೆಭೂಮಿ. ಅವರಿಗೆ ಎಂದಿನಷ್ಟೇ ಬಂದಿತ್ತು. ಹದ ತಪ್ಪಿದರೆ ಏನಾಗುತ್ತದೆಂದು ಮುತ್ಯಾನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಆದರೂ ಒಂದು ಮಾತು ಆಡಿರಲಿಲ್ಲ.

ನಾನು ನೌಕರಿ ಸೇರಿದ ವರ್ಷ ಮೊದಲ ಸಂಬಳಗಳನ್ನು ಕೂಡಿಸಿ ಎತ್ತು ತಂದೆ. ಮುತ್ಯಾ ಅದರ ಹಲ್ಲು ನೋಡಿ, ಬೆನ್ನು ತಟ್ಟಿ, ಮೊದಲ ದಿನ ನೆರೆಯವರ ಹೊಲಕ್ಕೇ ಹೂಡಿದರು. ಇಂದು ಅವರಿಲ್ಲ. ಮನೆಗೆ ಬಣ್ಣ ಹಚ್ಚಿದರೂ ಆ ಗೋಡೆಯನ್ನು ಹಾಗೆಯೇ ಬಿಟ್ಟಿದ್ದೇವೆ.

ನಿಮ್ಮಲ್ಲಿ ಅರಿಕೆ

ಈಗ ಹೆಚ್ಚಿನವರು ಟ್ರ್ಯಾಕ್ಟರ್ ಬಾಡಿಗೆಗೆ ಕಾಯುತ್ತೀರಿ. ಒಂಟಿ ಎತ್ತಿನ ತೊಂದರೆಯೇ ಇದು. ಹದ ಬರುವ ಮೊದಲೇ ನೆರೆಹೊರೆಯವರು ಕೂಡಿ ಸರದಿ ಗೊತ್ತುಮಾಡಿಕೊಳ್ಳಿ. ಜೋಳವನ್ನು ಎಕರೆಗೆ 3 ಕಿಲೋ ಬೀಜದಂತೆ ಸಕಾಲದಲ್ಲಿ ಬಿತ್ತಿರಿ. ನೆಟೆ ಇರುವ ಹೊಲದಲ್ಲಿ ತೊಗರಿಯ ಮೇಲೆ ತೊಗರಿ ಹಾಕಬೇಡಿ. ಜೋಳದೊಡನೆ ಬೆಳೆ ಬದಲಿಸಿರಿ. ರೋಗದ ಗಿಡಗಳನ್ನು ಬೇರುಸಹಿತ ಕಿತ್ತು ಸುಡಿರಿ. ಟಿ.ಎಸ್.-3ಆರ್‌ನಂತಹ ನಿರೋಧಕ ತಳಿಯನ್ನು ಆರಿಸಿ, ಪ್ರತಿ ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾದಿಂದ ಉಪಚರಿಸಿರಿ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ದೊರೆತಿದೆ. ಆ ಹೆಸರನ್ನು ಉಳಿಸುವ ಹೊಣೆ ನಮ್ಮೆಲ್ಲರದು.

ಕೊನೆಯದಾಗಿ, ಬಿತ್ತಿದ ದಿನ, ಬಂದ ಮಳೆ, ಸಿಕ್ಕ ಚೀಲಗಳನ್ನು ಬರೆದಿಡಿ. ಬರೆಯಲು ಬಾರದಿದ್ದರೆ ಗೋಡೆಯ ಮೇಲೆ ಗೆರೆ ಎಳೆಯಿರಿ. ಮನೆಯ ಮಕ್ಕಳು ಒಂದು ದಿನ ಅದನ್ನು ಓದಿಯಾರು.