ಇಂಜಿನಿಗೆ ಎಂಥ ಎಣ್ಣೆ? ಬೆರಕೆ ಮದ್ದು ಬೇಕೆ?

ಆದವಾನಿ, ಆಲೂರು, ಎಮ್ಮಿಗನೂರು, ಕೋಸಿಗಿ ಕಡೆಯ ಎರೆಹೊಲಗಳಲ್ಲಿ ಟ್ರ್ಯಾಕ್ಟರು ಇಲ್ಲದೆ ಈಗ ಬೇಸಾಯ ಸಾಗದು. ಬಿತ್ತನೆಯ ಹದ ಕೆಲವೇ ದಿನಗಳದು. ಆಗ ಇಂಜಿನು ಕಚ್ಚಿಕೊಂಡರೆ ಹದವೂ ಹೋಯಿತು, ರಿಪೇರಿಗೆ ಹಣವೂ ಹೋಯಿತು. ಆದ್ದರಿಂದ ಎಣ್ಣೆ ಕೊಳ್ಳುವಾಗ ರೈತಬಾಂಧವರು ಎಚ್ಚರ ವಹಿಸುವುದು ಅವಶ್ಯ.

ಡಬ್ಬಿಯ ಮೇಲಿನ ಗುರುತು: ಡಬ್ಬಿಯ ಮೇಲೆ ಎಸ್.ಎ.ಇ. 15ಡಬ್ಲ್ಯು-40 ಅಥವಾ 20ಡಬ್ಲ್ಯು-40 ಎಂದು ಅಚ್ಚಾಗಿರುತ್ತದೆ. ಇದು ಎಣ್ಣೆಯ ಸ್ನಿಗ್ಧತೆ, ಎಂದರೆ ಮಂದತನದ ಗುರುತು. ಒಳ್ಳೆಯದು, ಕೆಟ್ಟದ್ದು ಎಂಬುದರ ಗುರುತಲ್ಲ. ಮೊದಲ ಅಂಕಿ ಚಳಿಯಲ್ಲಿ ಎಣ್ಣೆ ಹರಿಯುವ ಬಗೆಯನ್ನು ತಿಳಿಸುತ್ತದೆ. ಎರಡನೆಯದು 100 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಎಣ್ಣೆ ಎಷ್ಟು ಮಂದವಾಗಿರುವುದೆಂದು ಹೇಳುತ್ತದೆ. ನಮ್ಮ ಸೀಮೆಯಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುವುದುಂಟು. ಕೊರೆಯುವ ಚಳಿ ಇಲ್ಲ. ಆದಕಾರಣ ನಮಗೆ ಎರಡನೆಯ ಅಂಕಿಯೇ ಮುಖ್ಯ.

ಎಣ್ಣೆ ತೀರ ತೆಳುವಾದರೆ ಲೋಹಗಳ ನಡುವಿನ ಪೊರೆ ಹರಿದು ಸವೆತ ಹೆಚ್ಚುತ್ತದೆ. ತೀರ ಮಂದವಾದರೆ ಇಂಜಿನು ಹೊರಟಾಗ ಬೇರಿಂಗುಗಳಿಗೆ ತಡವಾಗಿ ಮುಟ್ಟುತ್ತದೆ. ಡೀಸೆಲೂ ಹೆಚ್ಚು ಉರಿಯುತ್ತದೆ. ಬಿಸಿಲು ಹೆಚ್ಚೆಂದು ಮನಬಂದಂತೆ ಮಂದ ಎಣ್ಣೆ ಸುರಿಯಬಾರದು. ಇಂಜಿನಿನ ಕೈಪಿಡಿಯಲ್ಲಿ ಹೇಳಿದ ಅಂಕಿಯನ್ನೇ ಹಿಡಿಯಬೇಕು. ನಿಧಾನವಾಗಿ ತಿರುಗುವ ಹಳೆಯ ಪಂಪಿನ ಇಂಜಿನುಗಳಿಗೆ 30 ಅಥವಾ 40 ಎಂಬ ಒಂಟಿ ಅಂಕಿಯ ಎಣ್ಣೆ ಹೇಳಿರುವುದೂ ಉಂಟು. ಎ.ಪಿ.ಐ. ಎಂಬ ಗುರುತನ್ನೂ ನೋಡಿರಿ: 'ಸಿ' ಅಕ್ಷರದ ದರ್ಜೆ ಡೀಸೆಲ್ ಇಂಜಿನಿಗೆ, 'ಎಸ್' ಅಕ್ಷರದ್ದು ಪೆಟ್ರೋಲ್ ಇಂಜಿನಿಗೆ.

ಬೆರಕೆ ಮದ್ದು: ಸವೆತ ತಡೆಯುವ, ಮಸಿ ತೊಳೆಯುವ, ನೊರೆ ಅಡಗಿಸುವ ಮದ್ದುಗಳನ್ನು ಎಣ್ಣೆಯ ಕಾರ್ಖಾನೆಯಲ್ಲಿಯೇ ಅಳತೆಯಿಂದ ಬೆರೆಸಿರುತ್ತಾರೆ. ಮೇಲೆ ಮತ್ತೊಂದು ಸೀಸೆ ಸುರಿದರೆ ಆ ಅಳತೆ ಕೆಡಬಹುದು. ಹೊಗೆ ನಿಲ್ಲಿಸುವುದೆಂದು ಮಾರುವ ಮಂದ ಮದ್ದು ಸವೆದ ರಿಂಗನ್ನು ಸರಿಪಡಿಸದು. ರೋಗವನ್ನು ಕೆಲವು ದಿನ ಮರೆಮಾಡುವುದಷ್ಟೆ. ಆ ಹಣವನ್ನು ಎಣ್ಣೆಯ ಫಿಲ್ಟರಿಗೆ ಹಾಕುವುದು ಲೇಸು.

ಗಮನಿಸಬೇಕಾದ ಲಕ್ಷಣಗಳು: ಡೀಸೆಲ್ ಇಂಜಿನಿನಲ್ಲಿ ಎಣ್ಣೆ ಬೇಗ ಕಪ್ಪಾಗುವುದು ಸಹಜ, ಅದು ಮಸಿಯನ್ನು ಹಿಡಿದಿಟ್ಟಿದೆ ಎಂದರ್ಥ. ಹಾಲಿನಂತೆ ಬೆಳ್ಳಗಾದರೆ ನೀರು ಸೇರಿದೆ. ಮಟ್ಟ ಏರಿ ಡೀಸೆಲ್ ವಾಸನೆ ಬಂದರೆ ಡೀಸೆಲ್ ಇಳಿಯುತ್ತಿದೆ. ಇವೆರಡರಲ್ಲಿ ಯಾವುದು ಕಂಡರೂ ಇಂಜಿನು ನಿಲ್ಲಿಸಿ ಮೇಸ್ತ್ರಿಗೆ ತೋರಿಸಿರಿ. ಎರೆಮಣ್ಣಿನ ಧೂಳು ಒಳಗೆ ಹೊಕ್ಕರೆ ಎಂಥ ಎಣ್ಣೆಯೂ ಇಂಜಿನನ್ನು ಉಳಿಸದು; ಗಾಳಿ ಫಿಲ್ಟರನ್ನು ತಪ್ಪದೆ ಶುಚಿಮಾಡಿರಿ. ಕೈಪಿಡಿ ಹೇಳಿದಷ್ಟು ಗಂಟೆಗಳಾದ ಕೂಡಲೆ ಎಣ್ಣೆ, ಫಿಲ್ಟರು ಎರಡನ್ನೂ ಬದಲಿಸಿರಿ. ತೆಗೆದ ಎಣ್ಣೆಯನ್ನು ಹೊಲಕ್ಕಾಗಲಿ ಹಳ್ಳಕ್ಕಾಗಲಿ ಚೆಲ್ಲಬೇಡಿರಿ.