ಚೀಲ ಹೊತ್ತ ಬೆನ್ನಿಗೆ ಇನ್ನೇನು ವ್ಯಾಯಾಮ?

ಅಮರಗೋಳದ ಎಪಿಎಂಸಿ ಪ್ರಾಂಗಣದಲ್ಲಿ ಮೆಣಸಿನಕಾಯಿ, ಹತ್ತಿ, ಉಳ್ಳಾಗಡ್ಡಿ ಹೊತ್ತು ಒಟ್ಟುವ ಹಮಾಲರಿಗೆ ‘ನಡಾ ಹಿಡದೈತಿ’ ಎನ್ನುವುದು ಹೊಸ ಮಾತಲ್ಲ. ಅಂಥವರಿಗೆ ವೈದ್ಯರು ವ್ಯಾಯಾಮ ಮಾಡಿ ಎಂದರೆ, ದಿನವಿಡೀ ಮೈಮುರಿದು ದುಡಿಯುವವರಿಗೆ ಇನ್ನೇನು ವ್ಯಾಯಾಮ ಎಂಬ ಪ್ರಶ್ನೆ ಏಳುತ್ತದೆ.

ಪ್ರಶ್ನೆ ನ್ಯಾಯವಾದದ್ದೇ. ಹಮಾಲಿಯಲ್ಲಿ ಭಾರ, ವೇಗ, ವಿಶ್ರಾಂತಿ ಯಾವುದೂ ಹೊರುವವನ ಕೈಯಲ್ಲಿಲ್ಲ. ಲಾರಿ ಖಾಲಿಯಾಗುವ ತನಕ ನಿಲ್ಲುವಂತಿಲ್ಲ. ದಣಿದ ಸ್ನಾಯು ಚೇತರಿಸಿಕೊಳ್ಳುವ ಮೊದಲೇ ಮತ್ತೆ ಹೊರೆ ಬೀಳುತ್ತದೆ. ವ್ಯಾಯಾಮದಲ್ಲಿ ಎಷ್ಟು ಮಾಡಬೇಕು, ಯಾವಾಗ ನಿಲ್ಲಿಸಬೇಕು ಎಂಬುದು ನಮ್ಮ ಹಿಡಿತದಲ್ಲಿರುತ್ತದೆ. ವಯಸ್ಕ ಪುರುಷ ಕೈಯಾರೆ ಸಾಗಿಸುವ ಭಾರ 55 ಕಿಲೋ ಮೀರದಿರಲಿ ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ಶಿಫಾರಸು ಮಾಡಿದೆ. ವ್ಯಾಯಾಮ ಹೇಳುವವರು ಮೊದಲು ಚೀಲದ ತೂಕ ಕೇಳಬೇಕು ಎಂದೇ ನಾನು ನಂಬಿದ್ದೇನೆ.

ಮೂರು ತಿಂಗಳು ಮೀರಿ ಉಳಿದ ನೋವಿನ ಸ್ವಭಾವವೇ ಬೇರೆ. ಹೊಸ ಪೆಟ್ಟಿನ ನೋವು ಸಾಮಾನ್ಯವಾಗಿ ಗಾಯದ ಸುಳಿವು ಕೊಡುತ್ತದೆ. ಹಳೆಯ ನೋವಿನಲ್ಲಿ ಎಷ್ಟೋ ಸಲ ಬೆನ್ನುಹುರಿ ಮತ್ತು ಮಿದುಳಿನ ನರಜಾಲವೇ ಅತಿಸೂಕ್ಷ್ಮವಾಗಿಬಿಟ್ಟಿರುತ್ತದೆ. ಸಣ್ಣ ಎಳೆತವೂ ದೊಡ್ಡದಾಗಿ ಕೇಳಿಸುತ್ತದೆ. ಬೆನ್ನುಹುರಿಯ ಈ ಬದಲಾವಣೆಯನ್ನು ನರವಿಜ್ಞಾನಿ ಕ್ಲಿಫರ್ಡ್ ವುಲ್ಫ್ 1983ರಲ್ಲಿ ಪ್ರಯೋಗದಿಂದ ತೋರಿಸಿದರು. ಆದ್ದರಿಂದ ನೋವು ಹೆಚ್ಚಿದೆ ಎಂದ ಮಾತ್ರಕ್ಕೆ ಒಳಗೆ ಹಾನಿಯೂ ಹೆಚ್ಚಿದೆ ಎಂದೇನಿಲ್ಲ. ಹೆದರಿ ಮಲಗಿಬಿಟ್ಟರೆ ಸ್ನಾಯು ಸೊರಗುತ್ತದೆ, ಕೀಲು ಬಿಗಿಯುತ್ತದೆ, ಮುಂದಿನ ಸಲ ಎದ್ದಾಗ ಇನ್ನೂ ಬೇಗ ನೋಯುತ್ತದೆ.

ಹೆಚ್ಚಿನವರು ಎಡವುವುದು ಹಗುರೆನಿಸಿದ ದಿನ. ಬಾಕಿ ಉಳಿದ ಕೆಲಸವನ್ನೆಲ್ಲ ಅಂದೇ ಮುಗಿಸಿ ಮೂರು ದಿನ ಹಾಸಿಗೆ ಹಿಡಿಯುತ್ತಾರೆ. ಅದರ ಬದಲು ಗಡಿಯಾರ ನೋಡಿ ನಡೆಯಿರಿ. ನೋವಿರುವ ದಿನವೂ ಹತ್ತು ನಿಮಿಷ ನಡೆಯಬಲ್ಲಿರಾದರೆ ಎಂಟರಿಂದ ಆರಂಭಿಸಿ, ಹಗುರೆನಿಸಿದ ದಿನವೂ ಎಂಟಕ್ಕೇ ನಿಲ್ಲಿಸಿ. ವಾರ ಕಳೆದ ಮೇಲೆ ಒಂದೆರಡು ನಿಮಿಷ ಸೇರಿಸಿ. ನಡೆಯುವಾಗ ಮಾತಾಡಲು ಉಸಿರಿರಬೇಕು. ನೋವು ತುಸು ಏರಿದರೆ ಗಾಬರಿ ಬೇಡ, ಮರುದಿನ ಬೆಳಗ್ಗೆ ಮೊದಲಿನ ಮಟ್ಟಕ್ಕೆ ಇಳಿದಿದ್ದರೆ ಸಾಕು. ಇಳಿಯದಿದ್ದರೆ ನಡಿಗೆ ಕಡಿಮೆ ಮಾಡಿ. ಚೀಲ ಹೊತ್ತು ಬಸವಳಿದ ಸಂಜೆ ಇದಕ್ಕೆ ಸಲ್ಲದು. ಬಿಸಿಲೇರುವ ಮುಂಚೆ ಪಕ್ಕದ ನವನಗರದ ರಸ್ತೆಗಳು ತಂಪಾಗಿರುತ್ತವೆ.

2024ರಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ, ಬೆನ್ನುನೋವಿನಿಂದ ಚೇತರಿಸಿಕೊಂಡು ಹೀಗೆ ಹಂತಹಂತವಾಗಿ ನಡಿಗೆ ಬೆಳೆಸಿದವರಿಗೆ ನೋವು ಮರುಕಳಿಸಲು ಸುಮಾರು 208 ದಿನ ಹಿಡಿಯಿತು. ಉಳಿದವರಿಗೆ 112 ದಿನ. ವಿಶ್ವ ಆರೋಗ್ಯ ಸಂಸ್ಥೆಯ 2023ರ ಮಾರ್ಗಸೂಚಿಯೂ ದೀರ್ಘಕಾಲದ ಸೊಂಟನೋವಿಗೆ ವ್ಯಾಯಾಮ ಹೇಳುತ್ತದೆ. ಸೊಂಟದ ಬೆಲ್ಟನ್ನು ವಾಡಿಕೆಯ ಚಿಕಿತ್ಸೆಯಾಗಿ ಅದು ಒಪ್ಪುವುದಿಲ್ಲ.

ಕಾಲಿನ ಬಲ ಕುಂದುತ್ತಿದ್ದರೆ, ತೊಡೆಸಂದಿ ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಅಥವಾ ಮಲಮೂತ್ರದ ಹಿಡಿತ ತಪ್ಪಿದರೆ ನಡಿಗೆ ಬಿಟ್ಟು ಅಂದೇ ಆಸ್ಪತ್ರೆಗೆ ಹೋಗಬೇಕು. ನೋವಿನ ಜೊತೆ ಜ್ವರವಿದ್ದರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ ವ್ಯಾಯಾಮ ಆರಂಭಿಸುವ ಮುನ್ನವೇ ವೈದ್ಯರ ಪರೀಕ್ಷೆ ಆಗಬೇಕು.